ಹೆರಿಗೆಗೊಂದು ಸರ್ವಪಕ್ಷ ಸಭೆ

ನಮ್ಮಲ್ಲಿ ಹೆಣ್ಣುಮಗಳೊಬ್ಬಳಿಗೆ ಏಳು ತಿಂಗಳು ತುಂಬಿತೆಂದರೆ ಅವಳ ಹೊಟ್ಟೆ ಸಾರ್ವಜನಿಕ ಆಸ್ತಿಯಾಗುತ್ತದೆ. ಅಲ್ಲಿಯವರೆಗೆ ಅವಳ ಸಂಬಳ, ಅವಳ ಸೀರೆ, ಅವಳು ಮಾಡಿದ ಸಾರಿನ ಉಪ್ಪು ಇವಿಷ್ಟೇ ಚರ್ಚೆಗಿದ್ದವು. ಈಗ ಗರ್ಭಕೋಶವೂ ಸೇರಿತು. ಸೀಮಂತದಲ್ಲಿ ಹಸಿರು ಬಳೆ ತೊಡಿಸಲು ಬಂದ ಮುತ್ತೈದೆಯರಲ್ಲಿ ಅರ್ಧ ಜನ "ನಾರ್ಮಲ್ಲೇ ಆಗ್ಲಮ್ಮಾ" ಎಂದು ಎಲ್ಲರಿಗೂ ಕೇಳುವಂತೆ ಹರಸುತ್ತಾರೆ. ಉಳಿದರ್ಧ ಜನ ಆರತಿ ತಟ್ಟೆ ಕೆಳಗಿಟ್ಟ ಮೇಲೆ ಕಿವಿಯ ಹತ್ತಿರ ಬಂದು "ಸುಮ್ನೆ ಸಿಸೇರಿಯನ್ ಮಾಡಿಸ್ಕೊಂಡ್ಬಿಡು, ಯಾಕೆ ಬೇಕು ಆ ನರಕ" ಎನ್ನುತ್ತಾರೆ. ಅತ್ತ ಊಟದ ಪಂಕ್ತಿಯಲ್ಲಿ ಕೂತ ಗಂಡಸರು ಪಾಯಸ ಬರುವ ಹೊತ್ತಿಗೆ ಅವಳ ಸೊಂಟದ ಅಗಲ, ಮಗುವಿನ ತೂಕ, ಈಗಿನ ಡಾಕ್ಟರರ ದುರಾಸೆ ಮೂರರ ಬಗ್ಗೆಯೂ ಒಮ್ಮತಕ್ಕೆ ಬಂದಿರುತ್ತಾರೆ. ಗಂಡನಾದವನು ಮಾತ್ರ ಯಾವ ಪಕ್ಷಕ್ಕೂ ಸೇರದೆ ಎಲೆಯ ಮೇಲೆ ಬಗ್ಗಿಕೊಂಡಿರುತ್ತಾನೆ. ಅವನ ಕೆಲಸ ಕೊನೆಗೆ ಬರುತ್ತದೆ. ಸಹಿ ಹಾಕುವುದು.

ಈ ಸರ್ವಪಕ್ಷ ಸಭೆಯಲ್ಲಿ ಅಧ್ಯಕ್ಷ ಪೀಠ ಪಂಚಾಂಗಕ್ಕೆ ಮೀಸಲು.

ಮೈಸೂರಿನ ಯಾವುದಾದರೂ ನರ್ಸಿಂಗ್ ಹೋಮಿನ ಕಾರಿಡಾರನ್ನು ಕಲ್ಪಿಸಿಕೊಳ್ಳಿ. ಸ್ಟೀಲ್ ಬೆಂಚಿನ ಮೇಲೆ ಮಾವನವರು. ಒಂದು ಕೈಯಲ್ಲಿ ಒಂಟಿಕೊಪ್ಪಲ್ ಪಂಚಾಂಗ, ಇನ್ನೊಂದರಲ್ಲಿ ಸ್ಪೀಕರಿಗೆ ಹಾಕಿದ ಫೋನು, ಫೋನಿನೊಳಗೆ ಜೋಯಿಸರು. ಎದುರಿನ ರೂಮಿನಲ್ಲಿ ಸೊಸೆ ಊದಿದ ಕಾಲು ಚಾಚಿಕೊಂಡು ಎಳನೀರು ಕುಡಿಯುತ್ತಿದ್ದಾಳೆ. ಅವಳ ಅಭಿಪ್ರಾಯ ಯಾರೂ ಕೇಳಿಲ್ಲ, ಜನ್ಮನಕ್ಷತ್ರ ಕೇಳಿದ್ದಾರೆ. ಡಾಕ್ಟರಮ್ಮ ರೌಂಡ್ಸಿಗೆ ಬಂದರು.

"ಡಾಕ್ಟ್ರೇ, ಬುಧವಾರ ಬೆಳಿಗ್ಗೆ ಒಂಬತ್ತೂ ಹತ್ತರಿಂದ ಹತ್ತೂ ನಲವತ್ತರ ಒಳಗೆ ಆಗ್ಬೇಕು. ಲಗ್ನಾಧಿಪತಿ ಬಹಳ ಚೆನ್ನಾಗಿದ್ದಾನೆ."

"ಬುಧವಾರ ಒಂಬತ್ತಕ್ಕೆ ನಂಗೆ ಇನ್ನೊಂದು ಕೇಸಿದೆ ಯಜಮಾನ್ರೇ."

"ಅವರದ್ದೂ ಮುಹೂರ್ತದ್ದೇನಾ?"

"ಅಲ್ಲ, ಅವರಿಗೆ ನಿಜವಾಗ್ಲೂ ಸಿಸೇರಿಯನ್ ಬೇಕು."

ಮಾವನವರು ಕ್ಷಣ ಹೊತ್ತು ಯೋಚಿಸಿದರು. "ಹಾಗಾದ್ರೆ ಅವರನ್ನ ಹನ್ನೊಂದಕ್ಕೆ ತಗೊಳ್ಳಿ. ಅವರಿಗೆ ಟೈಮಿನ ಕಟ್ಟುಪಾಡು ಏನೂ ಇಲ್ವಲ್ಲ."

ಇದರಲ್ಲಿ ಜ್ಯೋತಿಷ್ಯಶಾಸ್ತ್ರದ ಒಂದು ಸೂಕ್ಷ್ಮ ಪ್ರಶ್ನೆಯೂ ಉಂಟು. ಜನ್ಮಕಾಲ ಎಂದರೆ ಯಾವುದು? ತಲೆ ಕಂಡದ್ದೋ, ಮಗು ಅತ್ತದ್ದೋ, ಹೊಕ್ಕುಳಬಳ್ಳಿ ಕತ್ತರಿಸಿದ್ದೋ? ಜೋಯಿಸರು ಇದನ್ನು ಇನ್ನೂ ಇತ್ಯರ್ಥ ಮಾಡಿಲ್ಲ. ಆದ್ದರಿಂದ ಆಪರೇಷನ್ ಥಿಯೇಟರಿನ ಗೋಡೆ ಗಡಿಯಾರ ಎರಡು ನಿಮಿಷ ಹಿಂದಿದ್ದರೆ, ಇಲ್ಲವೇ ಮೂರು ಆಸ್ಪತ್ರೆಗೆ ಓಡಾಡುವ ಅರಿವಳಿಕೆ ವೈದ್ಯರ ಸ್ಕೂಟರು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ, ಚಕ್ರವರ್ತಿಯಾಗಬೇಕಿದ್ದ ಮಗು ಎರಡನೇ ದರ್ಜೆ ಸಹಾಯಕನಾಗಿ ರಿಟೈರ್ ಆಗುವ ಅಪಾಯವಿದೆ. ಮೂಲಾ ನಕ್ಷತ್ರ ತಪ್ಪಿಸುವುದಂತೂ ಬಲು ಮುಖ್ಯ. ಮೂಲಾ ನಕ್ಷತ್ರದ ಹೆಣ್ಣು ಮಾವನಿಗೆ ಆಗಿಬರುವುದಿಲ್ಲವಂತೆ. ಅಂದರೆ ಈ ಮನೆಯ ಸೊಸೆಯ ಹೊಟ್ಟೆಯನ್ನು ಮೂರು ದಿನ ಮುಂಚೆ ಕೊಯ್ಯುತ್ತಿರುವುದು, ಇಪ್ಪತ್ತೈದು ವರ್ಷದ ನಂತರ ಬೀಗರಾಗಿ ಬರಲಿರುವ, ಸದ್ಯ ಯಾವುದೋ ಊರಿನಲ್ಲಿ ನಿಶ್ಚಿಂತೆಯಿಂದ ಕಡಲೆಕಾಯಿ ಸುಲಿಯುತ್ತಿರುವ ಒಬ್ಬ ಅಪರಿಚಿತನ ಪ್ರಾಣ ಉಳಿಸಲು. ಇಷ್ಟು ದೂರದೃಷ್ಟಿಯ ಆರೋಗ್ಯ ಸೇವೆ ಜಗತ್ತಿನ ಬೇರೆ ಯಾವ ದೇಶದಲ್ಲೂ ಇರಲಾರದು.

2024ರ ಜನವರಿ 22ರಂದು ಅಯೋಧ್ಯೆಯಲ್ಲಿ ಬಾಲರಾಮನ ಪ್ರಾಣಪ್ರತಿಷ್ಠೆಗೆ ಇಟ್ಟ ಮುಹೂರ್ತ 84 ಸೆಕೆಂಡಿನದು. ಅದೇ ದಿನ ಹೆರಿಗೆ ಮಾಡಿಸಿಕೊಡಿ ಎಂದು ಕಾನ್ಪುರದಂಥ ಊರುಗಳಲ್ಲಿ ಗರ್ಭಿಣಿಯರ ಮನೆಯವರು ಆಸ್ಪತ್ರೆಗಳಿಗೆ ದುಂಬಾಲು ಬಿದ್ದದ್ದು ಪತ್ರಿಕೆಗಳಲ್ಲಿ ಬಂತು. ರಾಮನನ್ನು ಹೆರಲು ಕೌಸಲ್ಯೆ ಯಾರ ಅಪಾಯಿಂಟ್‌ಮೆಂಟನ್ನೂ ತೆಗೆದುಕೊಂಡಿರಲಿಲ್ಲ ಎಂದು ಯಾರೂ ನೆನಪಿಸಿದಂತಿಲ್ಲ. ತೊಂದರೆ ಏನೆಂದರೆ ಮಗುವಿನ ಶ್ವಾಸಕೋಶ ಪಂಚಾಂಗ ಓದುವುದಿಲ್ಲ. 39 ವಾರ ತುಂಬುವ ಮೊದಲು, ನೋವೂ ಶುರುವಾಗದೆ, ಕಾರಣವೂ ಇಲ್ಲದೆ ಹೊರಗೆಳೆದ ಮಗುವಿಗೆ ಉಸಿರಾಟದ ತೊಂದರೆ ಹೆಚ್ಚು ಎಂದು ಪ್ರಸೂತಿ ಪುಸ್ತಕಗಳು ಹೇಳುತ್ತವೆ. ಆಗ ಗಜಕೇಸರಿ ಯೋಗದ ಕೂಸು ಮೊದಲ ನಾಲ್ಕು ದಿನ ಗಾಜಿನ ಪೆಟ್ಟಿಗೆಯಲ್ಲಿ ಮಲಗುತ್ತದೆ, ಗಜದಷ್ಟೇ ದೊಡ್ಡ ಬಿಲ್ಲು ಹೊರಗೆ ಬರುತ್ತದೆ.

ಪಂಚಾಂಗದ ಎದುರು ಬೆಂಚಿನಲ್ಲಿ ಕೂತಿರುವುದು ಪ್ರಕೃತಿಪಕ್ಷ. ಇವರು ಹೆಚ್ಚಾಗಿ ಗಂಡಸರು, ಅದರಲ್ಲೂ ನಿವೃತ್ತರು. ಇವರ ಪ್ರಣಾಳಿಕೆಯಲ್ಲಿ ಇರುವುದು ಒಂದೇ ವಾಕ್ಯ: "ನಮ್ಮಜ್ಜಿ ಹನ್ನೆರಡು ಹೆತ್ತಳು, ಹೊಲದಲ್ಲಿ ಹೆತ್ತಳು, ಹೆತ್ತು ಕಳೆ ಕಿತ್ತಳು." ಹನ್ನೆರಡರಲ್ಲಿ ಉಳಿದವರೆಷ್ಟು ಎಂದು ಕೇಳಿ. ಭಾಷಣ ಅಲ್ಲಿ ಸ್ವಲ್ಪ ಕೆಮ್ಮುತ್ತದೆ. ಇವರ ವೇದಿಕೆಯಲ್ಲಿ ತಪ್ಪದೆ ಒಂದು ಹೆಸರು ಬರುತ್ತದೆ, ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರದು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ, ಯಾರಿಂದಲೂ ಒಂದು ಕಾಸು ಮುಟ್ಟದ ಆ ಮಹಾತಾಯಿಗೆ ಪದ್ಮಶ್ರೀ ಬಂದದ್ದು 2018ರಲ್ಲಿ, ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಹಾರ ಹಾಕುವವರು ಹಾಕಲಿ. ಆದರೆ ನರಸಮ್ಮನವರೂ ಹನ್ನೆರಡು ಹೆತ್ತವರು, ಅದರಲ್ಲಿ ನಾಲ್ಕು ಎಳೆಯ ವಯಸ್ಸಿನಲ್ಲೇ ಹೋದವು. ಆ ಕಾಲದ ಹೆರಿಗೆ ಏನೆಂದು ಬಲ್ಲವರು ಅವರು. ಅದಕ್ಕೇ ಕರೆದಲ್ಲಿಗೆ ನಡೆದು ಹೋದರು. ಹೆರಿಗೆ ಸಲೀಸಾದ ಕೆಲಸವಾಗಿದ್ದರೆ ಅವರನ್ನು ಯಾರೂ ಕರೆಯುತ್ತಲೇ ಇರಲಿಲ್ಲ.

ಪ್ರಕೃತಿಪಕ್ಷದವರು ಸಂಸಾರ ಸಮೇತ ಆಗ್ರಾಕ್ಕೆ ಹೋದಾಗ ಬೆಳ್ಳಗಿನ ಗುಮ್ಮಟದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಪ್ರೇಮದ ಸ್ಮಾರಕ ಎಂದು ಮಕ್ಕಳಿಗೆ ಹೇಳುತ್ತಾರೆ. ಮುಮ್ತಾಜ್ ಮಹಲ್ 1631ರಲ್ಲಿ ಬುರ್ಹಾನ್‌ಪುರದಲ್ಲಿ ಸತ್ತದ್ದು ಹದಿನಾಲ್ಕನೇ ಹೆರಿಗೆಯಲ್ಲಿ. ಕತ್ತಿ ಇಲ್ಲ, ಇಂಜೆಕ್ಷನ್ ಇಲ್ಲ, ಎಲ್ಲ ಪ್ರಕೃತಿಯದೇ. ಸಹಜ ಹೆರಿಗೆಗೆ ಇಷ್ಟು ಖರ್ಚು ಮಾಡಿ ಕಟ್ಟಿದ ಸ್ಮಾರಕ ಮತ್ತೊಂದಿಲ್ಲ. ಚಕ್ರವರ್ತಿಯ ಹೆಂಡತಿಗೆ ತಾಜ್‌ಮಹಲ್ ಸಿಕ್ಕಿತು. ಉಳಿದವರಿಗೆ ಊರಾಚೆಯ ಹುಣಸೆಮರದಲ್ಲಿ ಬಾಣಂತಿ ದೆವ್ವದ ಹುದ್ದೆ ಸಿಕ್ಕಿತು. ನಮ್ಮ ಹಳ್ಳಿಗಳಲ್ಲಿ ಬಾಣಂತಿ ದೆವ್ವಗಳು ಅಷ್ಟೊಂದು ಏಕಿದ್ದವು, ಈಗೇಕೆ ಕಮ್ಮಿಯಾದವು ಎಂಬುದಕ್ಕೆ ಮಂತ್ರವಾದಿಯನ್ನು ಕೇಳಬೇಕಿಲ್ಲ. 2001-03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2019-21ರ ಲೆಕ್ಕದಲ್ಲಿ ಅದು 63.

ಪ್ರಕೃತಿಪಕ್ಷದಲ್ಲಿ ಒಂದು ಶ್ರೀಮಂತ ಬಣವೂ ಇದೆ. ಅದು ಬೆಂಗಳೂರಿನ ಬರ್ತಿಂಗ್ ಸೆಂಟರುಗಳದು. ಬೆಚ್ಚನೆಯ ನೀರಿನ ತೊಟ್ಟಿ, ಮಂದ ದೀಪ, ಕೊಳಲಿನ ನಾದ, ಬೆನ್ನು ನೀವಲು ತರಬೇತಾದ ಸಂಗಾತಿ. ಹೆಣ್ಣುಮಕ್ಕಳಿಗೆ ನಿಜಕ್ಕೂ ಹಿತವಾದ ಏರ್ಪಾಡೇ. ಅಣಕಿಸಲು ನನಗೆ ಮನಸ್ಸಿಲ್ಲ. ತಮಾಷೆ ಇರುವುದು ಬೇರೆಡೆ. ಅಲ್ಲಿ ಪ್ರಕೃತಿಗೆ ಪ್ಯಾಕೇಜ್ ರೇಟು ಇದೆ, ಪ್ರಕೃತಿ ಕೈಕೊಟ್ಟರೆ ಎಂದು ಹತ್ತಿರದಲ್ಲೇ ಆಪರೇಷನ್ ಥಿಯೇಟರು ಸಜ್ಜಾಗಿರುತ್ತದೆ. ಹಾಗೆ ನೋಡಿದರೆ ಈ ರಾಜ್ಯದ ಅಪ್ಪಟ ನೈಸರ್ಗಿಕ ಹೆರಿಗೆ ಕೇಂದ್ರ 108 ಆಂಬುಲೆನ್ಸು. ತಾಲ್ಲೂಕು ಆಸ್ಪತ್ರೆಯವರು ಜಿಲ್ಲೆಗೆ ಕಳಿಸುತ್ತಾರೆ, ಜಿಲ್ಲೆ ಸಿಗುವ ಮೊದಲೇ ರಸ್ತೆಯ ಗುಂಡಿಗಳು ತಮ್ಮ ಕೆಲಸ ಮುಗಿಸುತ್ತವೆ. ಮರುದಿನ ಪೇಪರಿನ ಒಳಪುಟದಲ್ಲಿ "ಆಂಬುಲೆನ್ಸ್‌ನಲ್ಲೇ ಹೆರಿಗೆ: ತಾಯಿ, ಮಗು ಕ್ಷೇಮ." ಕ್ಷೇಮವಾಗದ ದಿನ ಅದು ಸುದ್ದಿಯೂ ಆಗುವುದಿಲ್ಲ.

ಮೂರನೆಯದು ಆಸ್ಪತ್ರೆಪಕ್ಷ. ಇವರು ಮಾತಿನವರಲ್ಲ, ಕೃತಿಯವರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ದೇಶದ ಹೆರಿಗೆಗಳಲ್ಲಿ ಶೇ. 8.5 ಸಿಸೇರಿಯನ್, 2019-21ರ ಹೊತ್ತಿಗೆ ಶೇ. 21.5. ಕರ್ನಾಟಕದಲ್ಲಿ ಶೇ. 31.5. ನೆರೆಯ ತೆಲಂಗಾಣ ಶೇ. 60.7ಕ್ಕೆ ಮುಟ್ಟಿ ದೇಶಕ್ಕೇ ಮೊದಲು. ಇದಕ್ಕಿಂತ ಸ್ವಾರಸ್ಯದ ಅಂಕಿ ಇನ್ನೊಂದಿದೆ: ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ. 14.3, ಖಾಸಗಿಯಲ್ಲಿ ಶೇ. 47.4. ಸರ್ಕಾರಿ ಆಸ್ಪತ್ರೆಯಿಂದ ಎದುರಿನ ನರ್ಸಿಂಗ್ ಹೋಮಿಗೆ ರಸ್ತೆ ದಾಟುವಷ್ಟರಲ್ಲಿ ಹೆಂಗಸಿನ ಸೊಂಟ ಕಿರಿದಾಗುತ್ತದೆ, ಮಗುವಿನ ತಲೆ ದಪ್ಪವಾಗುತ್ತದೆ, ನೀರು ಕಮ್ಮಿಯಾಗುತ್ತದೆ, ಹೊಕ್ಕುಳಬಳ್ಳಿ ಉದ್ದ ಬೆಳೆದು ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಡಾಂಬರಿನಲ್ಲಿ ಏನೋ ದೋಷವಿರಬೇಕು.

ಬಳ್ಳಿ ಕುತ್ತಿಗೆಗೆ ಸುತ್ತಿದೆ ಎಂದ ಕೂಡಲೇ ಕಾರಿಡಾರಿನಲ್ಲಿ ನಿಂತವರ ಕೈಕಾಲು ಬಿದ್ದುಹೋಗುತ್ತದೆ. ಯಾರೂ ಇನ್ನೊಂದು ಪ್ರಶ್ನೆ ಕೇಳುವುದಿಲ್ಲ. ತಿಂಗಳು ತುಂಬಿ ಹುಟ್ಟುವ ನಾಲ್ಕೈದು ಮಕ್ಕಳಲ್ಲಿ ಒಂದಕ್ಕೆ ಬಳ್ಳಿ ಸುತ್ತಿಯೇ ಇರುತ್ತದೆ, ಬಹುಪಾಲು ಸಲ ಸೂಲಗಿತ್ತಿಯೋ ನರ್ಸೋ ಬೆರಳಿನಿಂದ ಜಾರಿಸಿ ಬಿಡಿಸುತ್ತಾರೆ ಎಂಬುದು ಪ್ರಸೂತಿ ಶಾಸ್ತ್ರದ ಸಾಮಾನ್ಯ ಪಾಠ. "ಪ್ರೋಗ್ರೆಸ್ ಇಲ್ಲ" ಎಂಬುದು ಮತ್ತೊಂದು ಬ್ರಹ್ಮಾಸ್ತ್ರ. ಗರ್ಭಕೋಶದ ಬಾಯಿ ಗಂಟೆಗೊಂದು ಸೆಂಟಿಮೀಟರ್ ತೆರೆಯಲೇಬೇಕು ಎಂಬ ಹಳೆಯ ಲೆಕ್ಕ ಎಷ್ಟೋ ಹೆಂಗಸರಿಗೆ ಹೊಂದುವುದಿಲ್ಲ, ಅದೊಂದನ್ನೇ ನೋಡಿ ಕೈಹಾಕಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ಆದರೆ ಗರ್ಭಕೋಶಕ್ಕೆ ಹೊಂದದಿದ್ದರೇನು, ಸಂಜೆಯ ಕ್ಲಿನಿಕ್ಕಿಗೆ ಹೊಂದಬೇಕಲ್ಲ. ಅಮೆರಿಕದ ಜನನ ದಾಖಲೆ ತೆಗೆದು ನೋಡಿದರೆ ಭಾನುವಾರ ಹುಟ್ಟುವವರು ತೀರ ಕಡಿಮೆ, ವಾರದ ನಡುವೆ ಹುಟ್ಟುವವರು ಜಾಸ್ತಿ. ಮಕ್ಕಳಿಗೂ ವಾರದ ರಜೆ ಸಿಗುವುದು ನಾಗರಿಕತೆಯ ಲಕ್ಷಣ.

ಡಾಕ್ಟರರನ್ನು ಬೈದು ಕಾಲಂ ಮುಗಿಸುವುದು ಸುಲಭ, ಓದುವವರೂ ತಲೆದೂಗುತ್ತಾರೆ. ಅಷ್ಟು ಅಗ್ಗಕ್ಕೆ ಬಿಡಲಾಗದು. 1995ರಲ್ಲಿ ಸುಪ್ರೀಂ ಕೋರ್ಟು ವೈದ್ಯರನ್ನು ಗ್ರಾಹಕ ಕಾಯ್ದೆಯ ಕೆಳಗೆ ತಂದಿತು, ಸರಿಯಾದ ತೀರ್ಪೇ. ಅಲ್ಲಿಂದೀಚೆಗೆ ಡಾಕ್ಟರಿಗೆ ಒಂದು ಮಾತು ಚೆನ್ನಾಗಿ ಗೊತ್ತಾಗಿದೆ. ಬೇಗ ಕೊಯ್ದದ್ದು ಯಾಕೆ ಎಂದು ಗಲಾಟೆ ಮಾಡಲು ಯಾರೂ ಬರುವುದಿಲ್ಲ, ಕಾಯ್ದದ್ದು ಯಾಕೆ ಎಂದು ಊರೇ ಬರುತ್ತದೆ. ಹತ್ತು ಗಂಟೆ ಕಾದು ಸಹಜ ಹೆರಿಗೆ ಮಾಡಿಸಿದವರಿಗೆ ಮನೆಯವರು ಅರ್ಧ ಕೆಜಿ ಮೈಸೂರುಪಾಕು ಕೊಡುತ್ತಾರೆ. ಕಾಯ್ದದ್ದು ಒಂದು ಸಲ ಕೈಕೊಟ್ಟರೆ ಗಾಜು ಪುಡಿಯಾಗುತ್ತದೆ. 2022ರ ಮಾರ್ಚಿನಲ್ಲಿ ರಾಜಸ್ಥಾನದ ಲಾಲ್‌ಸೋಟ್‌ನಲ್ಲಿ ಹೆರಿಗೆಯ ನಂತರದ ರಕ್ತಸ್ರಾವದಿಂದ ಬಾಣಂತಿಯೊಬ್ಬಳು ಸತ್ತಾಗ ಪೊಲೀಸರು ವೈದ್ಯೆಯ ಮೇಲೆ ಕೊಲೆ ಕೇಸು ಹಾಕಿದರು. ಮರುದಿನ ಆಕೆ ನೇಣು ಹಾಕಿಕೊಂಡರು. ಆ ಸುದ್ದಿ ಓದಿದ ಯಾವ ಪ್ರಸೂತಿ ತಜ್ಞೆಯೂ ಆಮೇಲೆ ಕಾಯುವ ಧೈರ್ಯವನ್ನು ಮೊದಲಿನಂತೆ ಮಾಡಿರಲಾರಳು.

ನಾಲ್ಕನೆಯದು ಶೇಕಡಾಪಕ್ಷ. ಇದರ ಸದಸ್ಯರು ಎಸಿ ಕೋಣೆಯಲ್ಲಿ ಪವರ್‌ಪಾಯಿಂಟ್ ತೋರಿಸುತ್ತಾರೆ. 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆಯೊಂದು ಬ್ರೆಜಿಲಿನ ಫೋರ್ಟಲೇಜಾದಲ್ಲಿ ಕೂತು, ಸಿಸೇರಿಯನ್ ಶೇ. 10ರಿಂದ 15 ದಾಟಬೇಕಾದ ಕಾರಣವಿಲ್ಲ ಎಂದಿತು. ಸಭೆಗೆ ಊಟ ಹಾಕಿದ ಬ್ರೆಜಿಲ್ ಇವತ್ತು ಅರ್ಧಕ್ಕಿಂತ ಹೆಚ್ಚು ಮಕ್ಕಳನ್ನು ಕೊಯ್ದೇ ತೆಗೆಯುತ್ತದೆ. 2015ರಲ್ಲಿ ಅದೇ ಸಂಸ್ಥೆ ತನ್ನ ಮಾತನ್ನು ತಿದ್ದಿಕೊಂಡು, ಇಷ್ಟೇ ಶೇಕಡಾ ಇರಬೇಕೆಂದು ಬೆನ್ನು ಹತ್ತಬೇಡಿ, ಬೇಕಾದ ಪ್ರತಿ ಹೆಂಗಸಿಗೂ ಸಿಗುವಂತೆ ಮಾಡಿ ಎಂದಿತು. ನಮ್ಮ ಅಧಿಕಾರಿಗಳ ಸ್ಲೈಡು ಇನ್ನೂ 1985ರಲ್ಲೇ ನಿಂತಿದೆ. ಅಂಕಿಯನ್ನೇ ದೇವರು ಮಾಡಿಕೊಂಡವರು ನಾಗಾಲ್ಯಾಂಡಿಗೆ ಹೋಗಿ ಅಡ್ಡಬೀಳಲಿ: ಅದೇ 2019-21ರ ಸಮೀಕ್ಷೆಯಲ್ಲಿ ಅಲ್ಲಿ ಸಿಸೇರಿಯನ್ ಬರೀ ಶೇ. 5.2. ಅರ್ಧಕ್ಕಿಂತ ಹೆಚ್ಚು ಹೆಂಗಸರು ಆಸ್ಪತ್ರೆಯನ್ನೇ ಕಾಣದೆ ಹೆತ್ತಿದ್ದರು. ಇತ್ತ ಕೇರಳದಲ್ಲಿ ಶೇ. 38.9, ಕರ್ನಾಟಕಕ್ಕಿಂತ ಜಾಸ್ತಿಯೇ. ಆದರೆ 2019-21ರ ಲೆಕ್ಕದಲ್ಲಿ ಅಲ್ಲಿ ಲಕ್ಷಕ್ಕೆ ಸತ್ತ ತಾಯಂದಿರು 20. ನಮ್ಮ 63 ದಕ್ಷಿಣದ ಐದು ರಾಜ್ಯಗಳಲ್ಲೇ ಅತಿ ಹೆಚ್ಚಾಗಿತ್ತು. ಕತ್ತಿ ಹೆಚ್ಚಾದರೆ ಕೆಟ್ಟದ್ದು, ಕಡಿಮೆಯಾದರೆ ಒಳ್ಳೆಯದು ಎಂಬ ಸೂತ್ರಕ್ಕೆ ಈ ಮೂರು ರಾಜ್ಯಗಳೂ ಒಗ್ಗಲೊಲ್ಲವು.

ಬ್ರಿಟನ್ನಿನ ಶ್ರೂಸ್‌ಬರಿಯಲ್ಲಿ ಸಿಸೇರಿಯನ್ ಪ್ರಮಾಣ ಕಡಿಮೆ ಎಂದು ಆಸ್ಪತ್ರೆಯ ಬೆನ್ನನ್ನು ಬಹುಕಾಲ ತಟ್ಟಲಾಗಿತ್ತು. 2022ರ ಮಾರ್ಚಿನಲ್ಲಿ, ಅಲ್ಲಿನ ಹೆರಿಗೆ ಸೇವೆಯ ತನಿಖೆ ನಡೆಸಿದ ಡೋನಾ ಓಕೆಂಡೆನ್ ಅವರ ವರದಿ ಹೊರಬಂತು: ಸರಿಯಾದ ಆರೈಕೆ ಸಿಕ್ಕಿದ್ದರೆ 201 ಮಕ್ಕಳು ಬದುಕುತ್ತಿದ್ದವೇನೋ. ಕೊಯ್ಯಬೇಕಾದ ಹೊತ್ತಿಗೆ ಕೊಯ್ಯದೆ, ಸಹಜವಾಗಿಯೇ ಆಗಲಿ ಎಂದು ಹಟ ಹಿಡಿದದ್ದು ಅದರ ಕಾರಣಗಳಲ್ಲೊಂದು. ಅಲ್ಲಿನ ಆರೋಗ್ಯ ಸೇವೆಯವರು ಸಿಸೇರಿಯನ್ ಶೇಕಡಾವಾರನ್ನು ಸಾಧನೆಯ ಅಳತೆಗೋಲು ಮಾಡಬೇಡಿ ಎಂದು ಆಸ್ಪತ್ರೆಗಳಿಗೆ ಬರೆದದ್ದೂ ಅದೇ ವರ್ಷ. ಪ್ರಶಸ್ತಿ ಪತ್ರಗಳನ್ನು ಗೋಡೆಯಿಂದ ಇಳಿಸಿದರೋ ಇಲ್ಲವೋ.

ಸಭೆಯಲ್ಲಿ ಇಷ್ಟು ಹೊತ್ತು ಮಾತಾಡದವಳು ಒಬ್ಬಳು ಇದ್ದಾಳೆ. ಅಪ್ಪಿತಪ್ಪಿ ಅವಳು ಬಾಯಿಬಿಟ್ಟು, "ನನಗೆ ಭಯ ಆಗತ್ತೆ, ಆಪರೇಷನ್ನೇ ಮಾಡ್ಬಿಡಿ" ಎಂದಳೆನ್ನಿ. ಅಲ್ಲಿಯವರೆಗೆ ಜಗಳವಾಡುತ್ತಿದ್ದ ನಾಲ್ಕೂ ಪಕ್ಷಗಳು ಕೂಡಲೇ ಮೈತ್ರಿಕೂಟ ಕಟ್ಟುತ್ತವೆ. "ಈಗಿನ ಹುಡುಗೀರಿಗೆ ಸಹನೆ ಇಲ್ಲ", "ಸೌಂದರ್ಯ ಹಾಳಾಗತ್ತೆ ಅಂತ", "ಸುಖ ಜಾಸ್ತಿಯಾಯ್ತು". ಮುಹೂರ್ತಕ್ಕೆ ಕೊಯ್ದರೆ ಸಂಪ್ರದಾಯ, ಸಂಜೆ ಕ್ಲಿನಿಕ್ಕಿಗೆಂದು ಕೊಯ್ದರೆ ವೈದ್ಯಕೀಯ ಅನಿವಾರ್ಯ, ಅವಳೇ ಕೇಳಿದರೆ ಮಾತ್ರ ಕೊಬ್ಬು. ಹೀಗೆನ್ನುವ ಮಾವನವರನ್ನು ಮೂಲವ್ಯಾಧಿಯ ಆಪರೇಷನ್ನಿಗೆ ಅರಿವಳಿಕೆ ಇಲ್ಲದೆ ಮಲಗಿಸಿ, ಸುತ್ತ ನಿಂತು "ಸಹಜವಾಗಿಯೇ ಆಗ್ಲಿ ಮಾವಾ, ತಡ್ಕೊಳ್ಳಿ, ನಿಮ್ಮ ತಾತನೂ ಹೀಗೇ ಮಾಡಿಸ್ಕೊಂಡಿದ್ರಂತೆ" ಎಂದು ಬೆನ್ನು ಸವರಬೇಕು. ಸಹನೆಯ ಮಹಿಮೆ ಆಗ ಇನ್ನೂ ಚೆನ್ನಾಗಿ ಅರ್ಥವಾದೀತು.

ಅವಳು ಹೆದರುವುದು ಏನಕ್ಕೆ ಎಂದು ಯಾರೂ ಕೇಳುವುದಿಲ್ಲ. ನೋವಿಗೆ ಎಂದು ಎಲ್ಲರೂ ಭಾವಿಸಿದ್ದಾರೆ. ಅಕ್ಕನೋ ಓರಗಿತ್ತಿಯೋ ಹೆತ್ತು ಬಂದವರು ಅವಳಿಗೆ ಹೇಳಿರುವ ಕತೆಯನ್ನು ಸ್ವಲ್ಪ ಕೇಳಿ. ಹೆರಿಗೆ ಕೋಣೆಯ ಉಕ್ಕಿನ ಟೇಬಲ್ಲು. ಮೇಲೆ ಹರಿದ ರೆಕ್ಸಿನ್ ಹಾಸು, ಕೆಳಗೊಂದು ಬಕೆಟ್ಟು. ಪಕ್ಕದ ಟೇಬಲ್ಲಿನಲ್ಲಿ ಮತ್ತೊಬ್ಬಳು, ನಡುವೆ ಪರದೆಯ ಸರಳಿದೆ, ಪರದೆ ಇಲ್ಲ. ಅಮ್ಮ ಫ್ಲಾಸ್ಕು ಹಿಡಿದು ಬಾಗಿಲಾಚೆ, ಒಳಗೆ ಬಿಡುವುದಿಲ್ಲ. ಮಗ್ಗುಲಾಗುವಂತಿಲ್ಲ, ಏಳುವಂತಿಲ್ಲ, ನೀರು ಕೇಳುವಂತಿಲ್ಲ. ಕಿರುಚಿದರೆ ತೊಡೆಯ ಮೇಲೆ ಏಟು. ಏಟಿಗಿಂತ ಮಾತು ಹರಿತ: "ಗಂಡನ ಹತ್ರ ಮಲಗೋವಾಗ ನೋವಾಗ್ಲಿಲ್ವಾ? ಈಗ ಬೊಬ್ಬೆ ಹೊಡಿತೀಯ?" ದೇಶದ ಯಾವ ಮೂಲೆಯ ಹೆರಿಗೆ ಕೋಣೆಗೆ ಹೋದರೂ ಈ ಮಾತು ಅಲ್ಲಿನ ಭಾಷೆಯಲ್ಲಿ ಸಿದ್ಧವಿರುತ್ತದೆ, ರಾಷ್ಟ್ರೀಯ ಏಕತೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆಮೇಲೆ ಆಯಾ ಬಂದು ಮೊಣಕೈಯಿಂದ ಹೊಟ್ಟೆ ಒತ್ತುತ್ತಾಳೆ, ಒತ್ತಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಬರೆದದ್ದು ಅವಳ ತನಕ ಬಂದಿಲ್ಲ. ಕೆಳಗೆ ಕತ್ತರಿಸಿ ಹೊಲಿಗೆ ಹಾಕುವಾಗ ಮರಗಟ್ಟಿಸುವ ಇಂಜೆಕ್ಷನ್ನು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಕೊನೆಗೆ ಹೊರಗೆ ಬಂದು "ಖುಷಿ" ಕೇಳುತ್ತಾರೆ. ಗಂಡಾದರೆ ಒಂದು ರೇಟು, ಹೆಣ್ಣಾದರೆ ಇನ್ನೊಂದು.

ಆ ನರ್ಸನ್ನೇ ರಾಕ್ಷಸಿ ಎಂದು ಬರೆಯಲು ನನಗೆ ಕೈ ಬರುವುದಿಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬಳೇ, ನೋವು ತಿನ್ನುತ್ತಿರುವವರು ಐದಾರು ಜನ, ಡಾಕ್ಟರು ಕ್ವಾರ್ಟರ್ಸಿನಲ್ಲಿ, ರಿಜಿಸ್ಟರು ಹನ್ನೊಂದು. ಆದರೆ ಏಟು ತಿನ್ನುವವಳಿಗೆ ಸಿಬ್ಬಂದಿ ಕೊರತೆಯ ವಿವರಣೆಯಿಂದ ನೋವು ಇಳಿಯುವುದಿಲ್ಲ. ಆಪರೇಷನ್ ಬೇಕು ಎಂದು ಗೋಗರೆಯುವ ಹುಡುಗಿ ಪ್ರಕೃತಿಯನ್ನು ತಿರಸ್ಕರಿಸುತ್ತಿಲ್ಲ, ಆ ಕೋಣೆಯಿಂದ ತಪ್ಪಿಸಿಕೊಳ್ಳುತ್ತಿದ್ದಾಳೆ. ಆಪರೇಷನ್ ಟೇಬಲ್ಲಿನ ಮೇಲಾದರೆ ಕನಿಷ್ಠ ಬೈಯುವವರಿಲ್ಲ. ಅಲ್ಲಿ ಎಲ್ಲರೂ ಮಾಸ್ಕು ಹಾಕಿರುತ್ತಾರೆ.

ಹಾಗೆಂದು ಕೊಯ್ಸಿಕೊಂಡವಳು ಗೆದ್ದಳೇ? ಪದರ ಪದರವಾಗಿ ಹೊಟ್ಟೆ ಬಿಡಿಸಿ ಹೊಲಿದ ಮೇಲೆ ಮೊದಲ ಸಲ ಎದ್ದು ಕೂರುವಾಗ ಏನಾಗುತ್ತದೆಂದು ಅವಳನ್ನೇ ಕೇಳಿ. ಕೆಮ್ಮು ಬಂದರೆ ಹೊಟ್ಟೆ ಹಿಡಿದುಕೊಳ್ಳಬೇಕು, ನಕ್ಕರೂ ಹಿಡಿದುಕೊಳ್ಳಬೇಕು. ರಕ್ತಸ್ರಾವ, ನಂಜು, ಮುಂದಿನ ಬಸಿರಿನಲ್ಲಿ ಹಳೆಯ ಗಾಯದ ಗುರುತಿಗೆ ಮಾಸು ಅಂಟಿಕೊಳ್ಳುವ ಭಯ, ಅದು ಪ್ರತಿ ಆಪರೇಷನ್ನಿಗೂ ಏರುತ್ತ ಹೋಗುತ್ತದೆ. ಎರಡು ಮೂರು ಮಕ್ಕಳು ಬೇಕೆನ್ನುವವಳಿಗೆ ಇದನ್ನು ಮೊದಲೇ ಕೂರಿಸಿ ಹೇಳಬೇಕು, ಹೇಳುವವರಿಲ್ಲ. ಸಹಜ ಹೆರಿಗೆಯಲ್ಲಿ ಕೆಳಗೆ ಹರಿಯುವುದು, ವರ್ಷಗಳಾದ ಮೇಲೆ ಗರ್ಭಕೋಶ ಜಾರುವುದು, ಸೀನಿದರೆ ಮೂತ್ರ ಸೋರುವುದು ಇವನ್ನೂ ಹೇಳುವುದಿಲ್ಲ. ಅದನ್ನು ಅಜ್ಜಿಯರು ಸೆರಗಿನಲ್ಲಿ ಮುಚ್ಚಿಟ್ಟುಕೊಂಡೇ ಹೋದರು. ಕೊಯ್ಸಿಕೊಂಡವಳಿಗೆ ಬಾಣಂತನದಲ್ಲಿ ಕಷಾಯದ ಜೊತೆ ಒಂದು ಮಾತೂ ದಿನಕ್ಕೆರಡು ಹೊತ್ತು ಸಿಗುತ್ತದೆ: "ನಿಂಗೇನಮ್ಮ, ಕೊಯ್ದು ತೆಗೆದ್ರು. ಹೆತ್ತೋರಿಗೆ ಗೊತ್ತು."

ಸಿಸೇರಿಯನ್ ಎಂದರೆ ಶ್ರೀಮಂತರ ಷೋಕಿ ಎಂದುಕೊಂಡವರು ಬಳ್ಳಾರಿಯನ್ನು ಮರೆತಿದ್ದಾರೆ. 2024ರ ನವೆಂಬರಿನಲ್ಲಿ ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತರು. ಬಡವರ ಮನೆಯ ಹೆಣ್ಣುಮಕ್ಕಳು. ಯಾರೂ ಮುಹೂರ್ತ ಕೇಳಿದವರಲ್ಲ, ಯಾರೂ ಪ್ಯಾಕೇಜು ಆರಿಸಿದವರಲ್ಲ. ಅನುಮಾನ ಬಿದ್ದದ್ದು ಕತ್ತಿಯ ಮೇಲಲ್ಲ, ನರಕ್ಕೆ ಹರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಸರ್ಕಾರ ಅದನ್ನು ತಯಾರಿಸಿದ ಕಂಪನಿಯ ಬಾಟಲಿಗಳ ಬಳಕೆ ನಿಲ್ಲಿಸಿತು, ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ವಿರೋಧ ಪಕ್ಷದವರು ಆಸ್ಪತ್ರೆಗೆ ಹೋಗಿ ಬಂದರು, ಆಳುವ ಪಕ್ಷದವರು ಆಮೇಲೆ ಹೋಗಿ ಬಂದರು. ನಾರ್ಮಲ್ಲೋ ಸಿಸೇರಿಯನ್ನೋ ಎಂದು ಕುರ್ಚಿ ಹಾಕಿಕೊಂಡು ವಾದಿಸುವವರಲ್ಲಿ ಯಾರೂ, ಬಾಟಲಿಯಲ್ಲಿ ಏನಿದೆ ಎಂದು ಅದಕ್ಕೆ ಮುಂಚೆ ಕೇಳಿದ್ದು ನೆನಪಿಲ್ಲ.

ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ 1853ರಲ್ಲಿ ತನ್ನ ಎಂಟನೇ ಮಗುವನ್ನು ಹೆರುವಾಗ ಜಾನ್ ಸ್ನೋ ಎಂಬ ವೈದ್ಯನಿಂದ ಕ್ಲೋರೋಫಾರ್ಮ್ ಪಡೆದಳು. ನೋವು ತಿಂದು ಹೆರುವುದೇ ದೇವರ ಆಜ್ಞೆ ಎನ್ನುತ್ತಿದ್ದವರು, ರಾಣಿಯೇ ಮೂಸಿದ ಮೇಲೆ ತಣ್ಣಗಾದರು. ನಮ್ಮ ಬಹುಪಾಲು ತಾಲ್ಲೂಕು ಆಸ್ಪತ್ರೆಗಳ ಹೆರಿಗೆ ಕೋಣೆ ನೋವಿನ ವಿಷಯದಲ್ಲಿ ಇನ್ನೂ 1853ಕ್ಕೆ ಬಂದಿಲ್ಲ. ಎಪಿಡ್ಯೂರಲ್ ಎಂದರೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಬಿಲ್ಲಿನ ಒಂದು ಸಾಲು. ಸರ್ಕಾರದ ಮಡಿಲು ಕಿಟ್ಟಿನಲ್ಲಿ ಬಾಣಂತಿಗೆ ಸೊಳ್ಳೆಪರದೆ ಕೊಟ್ಟೆವು, ಸೋಪು ಕೊಟ್ಟೆವು, ಮಗುವಿಗೆ ಸ್ವೆಟರು ಕೊಟ್ಟೆವು. ನೋವು ಕಡಿಮೆ ಮಾಡುವುದೂ ಒಂದು ಸೌಲಭ್ಯ ಎಂದು ಯಾವ ಬಜೆಟ್ಟಿಗೂ ಹೊಳೆಯಲಿಲ್ಲ. ನೋವಿಲ್ಲದೆ, ಏಟಿಲ್ಲದೆ, ಅಮ್ಮ ಪಕ್ಕದಲ್ಲಿದ್ದು ಹೆರಬಹುದು ಎಂದಾದರೆ ಎಷ್ಟು ಜನ ಆಪರೇಷನ್ ಕೇಳುತ್ತಾರೆ ನೋಡೋಣ. ಆಮೇಲೂ ಕೇಳಿದವಳಿಗೆ, ಲಾಭ ನಷ್ಟ ಎರಡನ್ನೂ ತಿಳಿಹೇಳಿ, ಮಾಡಿಕೊಡಬೇಕು. ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿ 2011ರಲ್ಲೇ ಹಾಗೆ ಹೇಳಿತು, ಭೂಮಿಯೇನೂ ಬಾಯಿಬಿಡಲಿಲ್ಲ.

ಇನ್ನು ಆ ಸಹಿಯ ವಿಷಯ. ಫಾರಂ ಬರುವುದು ಗಂಡನ ಕೈಗೆ, ಅವನಿಲ್ಲದಿದ್ದರೆ ಮಾವನ ಕೈಗೆ. ಹೆರುವವಳು ಎಂ.ಟೆಕ್. ಮಾಡಿದವಳಿರಲಿ, ತಹಸೀಲ್ದಾರಳಿರಲಿ, ದಿನಕ್ಕೆ ನೂರು ಫೈಲಿಗೆ ರುಜು ಹಾಕುವವಳಿರಲಿ, ಅವಳ ಹೊಟ್ಟೆಗೆ ಮಾತ್ರ ಬೇರೆಯವರ ರುಜು. ತಪಾಸಣೆಗೆಂದು ಅರಿವಳಿಕೆ ಪಡೆದು ಮಲಗಿದ್ದ ಹೆಂಗಸಿನ ಗರ್ಭಕೋಶವನ್ನು ಅವಳ ತಾಯಿಯ ಒಪ್ಪಿಗೆ ಪಡೆದು ತೆಗೆದುಹಾಕಿದ ಮೊಕದ್ದಮೆಯಲ್ಲಿ, ಪ್ರಾಣಕ್ಕೆ ತಕ್ಷಣದ ಅಪಾಯವಿಲ್ಲದಾಗ ವಯಸ್ಕಳಾದ ರೋಗಿಯದೇ ಒಪ್ಪಿಗೆ ಬೇಕು, ತಾಯಿಯದ್ದು ನಡೆಯದು ಎಂದು ಸುಪ್ರೀಂ ಕೋರ್ಟು 2008ರ ಜನವರಿಯಲ್ಲೇ ತೀರ್ಪು ಕೊಟ್ಟಿದೆ. ಹೆತ್ತ ತಾಯಿಯ ಸಹಿಯೇ ನಡೆಯದಿದ್ದರೆ ಪಂಚಾಂಗ ಹಿಡಿದ ಮಾವನದು ಹೇಗೆ ನಡೆದೀತು?

ಮುಂದಿನ ಸೀಮಂತದಲ್ಲಿ ಪಾಯಸದ ಜೊತೆ ಹೆರಿಗೆಯ ಬಗ್ಗೆ ಅಭಿಪ್ರಾಯ ಬಡಿಸಲು ಹೊರಟಿರುವ ಮಹನೀಯರಲ್ಲಿ ಒಂದು ಅರಿಕೆ. ಅದಕ್ಕೆ ಮುಂಚೆ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ ಬನ್ನಿ. ಹೆರಿಗೆ ಕೋಣೆಯ ಟೇಬಲ್ಲುಗಳ ನಡುವೆ ಪರದೆ ಇದೆಯೇ ನೋಡಿ. ಜೊತೆಗೊಬ್ಬಳನ್ನು ಒಳಗೆ ಬಿಡುತ್ತಾರೆಯೇ ಕೇಳಿ. 2017ರಲ್ಲಿ ಬಂದ ಕೇಂದ್ರದ 'ಲಕ್ಷ್ಯ' ಕಾರ್ಯಕ್ರಮದ ಪ್ರಕಾರ ಬಿಡಬೇಕು. ಸಂಜೆ ಆರರ ಮೇಲೆ ಅರಿವಳಿಕೆ ವೈದ್ಯರು ಎಲ್ಲಿರುತ್ತಾರೆ ಎಂದೂ ಕೇಳಿ. ಉತ್ತರ ತಂದವರು ಮಾತಾಡಲಿ. ಉಳಿದವರು ಪಾಯಸ ಕುಡಿದು ಎಲೆ ಮಡಚಿ ಏಳಲಿ.